ತವರಿಂದ ತಂದ ಹೂವು

ಮದುವೆಯಾಗಿ ಬಂದ ಹೆಣ್ಣನ್ನು ಆ ಊರಿನಲ್ಲಿ ಯಾರೂ ಹುಟ್ಟಿದ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ತವರಿನಿಂದ ಅವಳು ಏನು ತಂದಳೋ ಅದೇ ಅವಳ ಹೆಸರು. ತರಬೇಕಾದದ್ದು ಒಡವೆಯಲ್ಲ, ಪಾತ್ರೆಯಲ್ಲ. ನೀರಿನಲ್ಲಿ ಬದುಕುವ ಒಂದು ಜೀವ. ಊರಿನ ನಡುವೆ ಕೆರೆಯಿತ್ತು, ಕೆರೆಯ ಸುತ್ತ ಊರಿತ್ತು. ಹೊಸ ಸೊಸೆ ಮನೆಯ ಹೊಸಿಲು ತುಳಿಯುವ ಮೊದಲು ಕೆರೆಯ ಮೆಟ್ಟಿಲಿಳಿದು, ತಂದ ಜೀವವನ್ನು ನೀರಿಗೆ ಬಿಡಬೇಕು. ಆಮೇಲೆ ಒಲೆ, ಆಮೇಲೆ ಗಂಡ, ಆಮೇಲೆ ಹೆಸರು.

ಹಾಗೆ ಆ ಊರಿನಲ್ಲಿ ಆಮೆಯವಳಿದ್ದಳು, ಏಡಿಯವಳಿದ್ದಳು, ಹಾವುಮೀನಿನವಳಿದ್ದಳು, ನೈದಿಲೆಯವಳಿದ್ದಳು. ಜಂಬುಹುಲ್ಲು ತಂದವಳು ಸತ್ತು ಎಷ್ಟೋ ತಲೆಮಾರು ಕಳೆದಿದ್ದವು. ಅವಳು ತಂದ ಹುಲ್ಲಿನಿಂದ ಊರು ಇನ್ನೂ ಚಾಪೆ ಹೆಣೆದು ಉಣ್ಣುತ್ತಿತ್ತು.

ನೀರಿಗೆ ಬಿಟ್ಟದ್ದನ್ನು ಹಿಡಿದು ತಿನ್ನಬಹುದು, ಕೊಯ್ದು ಹೆಣೆಯಬಹುದು, ಕಿತ್ತು ಇಲ್ಲವಾಗಿಸುವಂತಿಲ್ಲ. ಇಲ್ಲವಾಗಿಸಿದರೆ ತಂದವಳನ್ನೇ ಕಿತ್ತಂತೆ. ಅವಳು ಬಂದ ದಾರಿಯಲ್ಲಿ ಹಿಂದಿರುಗಬೇಕು. ಅದು ತಾನಾಗಿ ಅಳಿದರೆ ಅವಳು ಊರಿನಲ್ಲೇ ಉಳಿಯಬಹುದು, ಆದರೆ ಹೆಸರು ಹೋಗುತ್ತದೆ. ಹೆಸರು ಹೋದವಳನ್ನು ಮದುವೆಗೆ ಕರೆಯುವುದಿಲ್ಲ, ಬಾಣಂತಿಯ ಕೋಣೆಗೆ ಕರೆಯುವುದಿಲ್ಲ. ಏನೆಂದು ಕರೆಯುವುದು? ಇದನ್ನೆಲ್ಲ ನೋಡಿಕೊಳ್ಳಲು ಕಟ್ಟಳೆಯವನೊಬ್ಬನಿದ್ದ. ಅವನ ಅಪ್ಪನೂ ಕಟ್ಟಳೆಯವನೇ, ಅಜ್ಜನೂ ಕಟ್ಟಳೆಯವನೇ.

ಬಹಳ ಕಾಲ ಆ ಕೆರೆ ಬಂದವರನ್ನೆಲ್ಲ ಇಟ್ಟುಕೊಂಡಿತು. ಸೊಸೆಯರು ಬರುತ್ತಿದ್ದದ್ದು ಅದೇ ಹೊಳೆಯ ಮೇಲಿನ ಊರುಗಳಿಂದ, ಕೆಳಗಿನ ಊರುಗಳಿಂದ. ಒಬ್ಬಳು ತಂದದ್ದನ್ನು ಇನ್ನೊಬ್ಬಳು ತಂದದ್ದು ಮೊದಲೇ ಬಲ್ಲದು. ನೀರೊಳಗಿನ ಹುಲ್ಲಿನಲ್ಲಿ ಮರಿಮೀನು ಅಡಗುತ್ತಿತ್ತು. ಮರಿಮೀನು ಸೊಳ್ಳೆಯ ಹುಳ ತಿನ್ನುತ್ತಿತ್ತು. ಹಾವುಮೀನು ಮರಿಮೀನನ್ನು ತಿನ್ನುತ್ತಿತ್ತು, ನೀರುನಾಯಿ ಹಾವುಮೀನನ್ನು ತಿನ್ನುತ್ತಿತ್ತು, ಸತ್ತದ್ದನ್ನು ಆಮೆಯೂ ಏಡಿಯೂ ಹಂಚಿಕೊಳ್ಳುತ್ತಿದ್ದವು. ಅಲ್ಲಿ ಯಾರೂ ಯಾರಿಗೂ ಒಳ್ಳೆಯವರಾಗಿರಲಿಲ್ಲ. ಆದರೂ ಎಲ್ಲರಿಗೂ ಜಾಗವಿತ್ತು.

ಆ ಊರಿಗೆ ಒಮ್ಮೆ ಹೊಳೆಯೇ ಇಲ್ಲದ ಸೀಮೆಯಿಂದ ಒಬ್ಬಳು ಸೊಸೆಯಾಗಿ ಬಂದಳು.

ಅವಳ ತವರು ಬೋಳುಗುಡ್ಡದ ಮೇಲಿತ್ತು. ಅಲ್ಲಿ ನೀರೆಂದರೆ ಆಳದ ಬಾವಿ, ಉದ್ದದ ಹಗ್ಗ. ನೀರಿನ ಜೀವವೊಂದನ್ನು ತರಬೇಕು ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದಾಗ ಮನೆಯವರು ಮುಖ ಮುಖ ನೋಡಿಕೊಂಡರು. ಕೊನೆಗೆ ತಾಯಿ ಅಂಗಳದ ಕಲ್ಲುಬಾನಿಯಿಂದ ಒಂದು ಗಿಡ ಎತ್ತಿ ಮಗಳ ಕೊಡದಲ್ಲಿಟ್ಟಳು. ಯಾವ ಕಾಲದಲ್ಲೋ ಕಡಲಾಚೆಯ ಸರಕು ಹೊತ್ತು ಆ ದಾರಿಯಲ್ಲಿ ಹೋದ ವ್ಯಾಪಾರಿಯೊಬ್ಬ, ಕುಡಿಯಲು ನೀರು ಕೊಟ್ಟರೆಂದು ಬಿಟ್ಟುಹೋದ ಗಿಡ ಅದು. ಎಲೆಯ ಬುಡದಲ್ಲಿ ಗಾಳಿ ತುಂಬಿದ ಉಬ್ಬು. ನೆಲ ಮುಟ್ಟದೆ ತೇಲುತ್ತಿತ್ತು. ವರ್ಷಕ್ಕೊಂದು ಸಲ ತಿಳಿನೇರಳೆ ಬಣ್ಣದ ಹೂವು ಬಿಡುತ್ತಿತ್ತು. ಬೇಸಿಗೆಯಲ್ಲಿ ಬಾನಿ ಒಣಗಿ ಗಿಡ ಸಾಯುವ ಹಾಗಾದಾಗ ತಾಯಿ ತಾನು ಕುಡಿಯುವ ನೀರಿನಲ್ಲೇ ಒಂದು ಚೊಂಬು ಉಳಿಸಿ ಅದಕ್ಕೆ ಹಾಕುತ್ತಿದ್ದಳು.

"ನಮ್ಮಲ್ಲಿ ನೀರಿನದು ಅಂತ ಇರೋದು ಇದೊಂದೇ ಕಣವ್ವ," ಎಂದಳು ತಾಯಿ. "ನಾಜೂಕಿನ ಗಿಡ. ಅಲ್ಲಿ ನೀರು ಬೇಕಾದಷ್ಟಿದೆಯಂತೆ. ಬದುಕಿಕೊಳ್ಳಲಿ."

ಕೆರೆಯ ಮೆಟ್ಟಿಲ ಮೇಲೆ ಅತ್ತೆ ನಿಂತಿದ್ದಳು. ಅತ್ತೆ ಆಮೆಯವಳು. ಕಟ್ಟಳೆಯ ಪ್ರಕಾರ ಕೇಳಬೇಕಾದದ್ದನ್ನು ಕೇಳಿದಳು:

"ಇದು ಏನನ್ನು ಉಣ್ಣುತ್ತದೆ? ಇದನ್ನು ಯಾರು ಉಣ್ಣುತ್ತಾರೆ?"

"ನೀರು ಬಲ್ಲದು," ಎಂದಳು ಸೊಸೆ. ಹಾಗೆ ಹೇಳಬೇಕೆಂದು ದಾರಿಯಲ್ಲೇ ಕಲಿಸಿದ್ದರು.

ಹಿಂದಿನ ಕಾಲದಲ್ಲಿ ಹಾಗೆ ಹೇಳಿದರೆ ಸಾಲುತ್ತಿರಲಿಲ್ಲವಂತೆ. ನೀರಿನ ಯಾವುದಾದರೂ ಜೀವ ಬಂದು, ತಂದದ್ದನ್ನು ಒಂದು ಸಲ ಕಚ್ಚಿ ನೋಡುವ ತನಕ ಸೊಸೆ ಮೆಟ್ಟಿಲ ಮೇಲೆ ಕೂತಿರಬೇಕಿತ್ತು. ಬರಬರುತ್ತ ಕಾಯಲು ಯಾರಿಗೂ ಪುರುಸೊತ್ತಾಗಲಿಲ್ಲ. ಮದುವೆಯ ಅಡಿಗೆ ಆರುತ್ತದೆ, ನೆಂಟರು ಗೊಣಗುತ್ತಾರೆ. ಮಾತು ಉಳಿಯಿತು, ಕಾಯುವುದು ಹೋಯಿತು.

ಸೊಸೆ ಕೊಡ ಬಗ್ಗಿಸಿದಳು. ಗಿಡ ನೀರಿಗಿಳಿದು ಒಂದು ಸುತ್ತು ತಿರುಗಿ ನಿಂತಿತು. ಅಂದಿನಿಂದ ಅವಳು ಹೂವಿನವಳು.

ಮೊದಲ ವರ್ಷ ಅದು ಮೆಟ್ಟಿಲ ಪಕ್ಕದಲ್ಲಿ ಹಾಸಿಕೊಂಡಿತು. ಹೂವು ಬಿಟ್ಟಾಗ ಊರೆಲ್ಲ ನೋಡಲು ಬಂತು. ಹೆಂಗಸರು ಮುಡಿದರು, ಮಕ್ಕಳು ಉಬ್ಬುಗಳನ್ನು ಹಿಸುಕಿ ಟಪ್ಪೆನಿಸಿದವು. ಗುಡ್ಡದವಳು, ನೀರು ಕಾಣದವಳು ಎಂದು ಆಡಿಕೊಂಡಿದ್ದವರೇ ಮನೆಯ ಮುಂದೆ ನಿಂತು, "ನಿನ್ನ ಹೂವು ನಾಲ್ಕು ಕೊಡೇ," ಎಂದು ಕೇಳಿದರು. ಅವಳು ಮಡಿಲು ತುಂಬ ಕೊಟ್ಟಳು. ಅಷ್ಟು ಸುಖ ಅವಳಿಗೆ ಆಮೇಲೆ ಎಂದೂ ಆಗಲಿಲ್ಲ.

ಅವಳಿಗೆ ಆ ಊರಿನಲ್ಲಿ ಒಬ್ಬಳು ಗೆಳತಿ ಸಿಕ್ಕಿದಳು. ಅವಳು ಪಕ್ಕದ ಮನೆಯ ನೈದಿಲೆಯವಳು. ಒಂದು ವರ್ಷ ಮೊದಲು ಸೊಸೆಯಾಗಿ ಬಂದವಳಾದ್ದರಿಂದ ಹೂವಿನವಳು ಅವಳನ್ನು ಅಕ್ಕ ಎನ್ನುತ್ತಿದ್ದಳು. ಇಬ್ಬರೂ ಒಂದೇ ಜಗಲಿಯ ಮೇಲೆ ಕೂತು ಒಂದೇ ಚಾಪೆಯ ಎರಡು ತುದಿ ಹೆಣೆಯುತ್ತಿದ್ದರು. ಹೂವಿನವಳ ಗಂಡ ಹರಿಗೋಲಿನವನು. ಆಚೆ ದಡದಿಂದ ಜಂಬು ಕೊಯ್ದು ತರುವುದು, ಈಚೆ ದಡದಿಂದ ಚಾಪೆ ಸಾಗಿಸುವುದು ಅವನ ಕೆಲಸ. ಮಾತು ಕಡಿಮೆ, ಒಳ್ಳೆಯವನು.

ಅವರಿಗೆ ಮಕ್ಕಳಾಗಲಿಲ್ಲ. ಹೂವಿಗೆ ಆದವು. ತಾಯಿಗಿಡ ನೀರಿನ ಮೇಲೆ ಒಂದು ದಂಟು ಚಾಚಿ ತುದಿಯಲ್ಲಿ ಮಗಳನ್ನು ಹೆರುತ್ತಿತ್ತು, ಮಗಳು ಇನ್ನೊಂದು ದಂಟು ಚಾಚಿ ಮೊಮ್ಮಗಳನ್ನು. ಅದರ ಎಲೆ ಕೊರೆಯುವ ಹುಳ ಕಡಲಾಚೆಯೇ ಉಳಿದಿತ್ತು. ಈ ಕೆರೆಯಲ್ಲಿ ಅದನ್ನು ಯಾರೂ ಕಚ್ಚಲಿಲ್ಲ. ಆಮೆ ಮೂಸಿ ಹೋಯಿತು, ಏಡಿ ಹತ್ತಿ ಇಳಿಯಿತು. ಮೇಲೆ ಕೊಯ್ದರೆ ಬುಡದಲ್ಲಿ ಎರಡಾಗುತ್ತಿತ್ತು. ಮೆಟ್ಟಿಲಿನಿಂದ ತೂಬಿಗೆ, ತೂಬಿನಿಂದ ಜಂಬಿನ ದಡಕ್ಕೆ, ದಡದಿಂದ ನಡುನೀರಿಗೆ ಹಸಿರು ಹಬ್ಬಿತು. ಗಾಳಿ ಬೀಸಿದಾಗ ಕೆರೆ ಅಲೆಯಾಡುವುದನ್ನು ಬಿಟ್ಟಿತು.

ನೈದಿಲೆಗೆ ಬಿಸಿಲು ಬೇಕು. ಕೆಸರಿನಿಂದ ಎದ್ದ ಎಲೆಗಳು ನೀರಿನ ಮೇಲೆ ಬರಲು ನೋಡಿ, ಜಾಗವಿಲ್ಲದೆ ಕೆಳಗೇ ಸುರುಳಿಸುತ್ತಿ ಕೊಳೆತವು. ಒಂದು ಬೆಳಗ್ಗೆ ಕಟ್ಟಳೆಯವನು ಹರಿಗೋಲಿನಲ್ಲಿ ಕೆರೆ ಸುತ್ತಿ ಬಂದು ಪಕ್ಕದ ಮನೆಯ ಮುಂದೆ ನಿಂತ.

"ಎಲ್ಲೂ ಇಲ್ಲ, ತಾಯಿ," ಎಂದ. "ಒಂದೆಲೆಯೂ ಇಲ್ಲ."

ನೈದಿಲೆಯವಳಾಗಿದ್ದವಳು ಹೊಸಿಲ ಮೇಲೆ ಕೂತೇ ತಲೆಯಾಡಿಸಿದಳು. ಆ ವಾರ ಎದುರು ಮನೆಯಲ್ಲಿ ಸೀಮಂತವಿತ್ತು. ಅವಳನ್ನು ಕರೆಯಲಿಲ್ಲ. ಹೂವಿನವಳು ಹೋಗಲಿಲ್ಲ, ಜಗಲಿಯ ಮೇಲೆ ಗೆಳತಿಯ ಪಕ್ಕ ಕೂತಳು. ಬಹಳ ಹೊತ್ತು ಇಬ್ಬರೂ ಹೆಣೆದರು.

"ಅಕ್ಕ, ನನ್ನ ಮೇಲೆ ಸಿಟ್ಟಿಲ್ಲವಾ?"

"ಸಿಟ್ಟು ಮಾಡಿದರೆ ಯಾರ ಮೇಲೆ ಮಾಡಲಿ? ನಾನೂ ಮುಡಿದಿದ್ದೆನಲ್ಲ," ಎಂದಳು ಅವಳು. "ಆ ಎಳೆ ಬಿಗಿ ಹಿಡಿ. ಸಡಿಲವಾಗಿದೆ."

ಆಮೇಲೆ ಒಂದೊಂದೇ ಹೋಯಿತು. ಬಿಸಿಲು ಕಾಣದ ನೀರು ಕಪ್ಪಗಾಯಿತು, ವಾಸನೆ ಬಂತು. ಮೀನುಗಳು ಬೆಳಗಿನ ಹೊತ್ತು ಎಲೆಗಳ ಸಂದಿನಲ್ಲಿ ಬಾಯಿ ಮೇಲೆತ್ತಿ ಗಾಳಿ ಹುಡುಕಿದವು. ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಮಿಂಚುಳ್ಳಿ ಕೂತು ನೋಡಿತು. ಎರಗಲು ನೀರೇ ಕಾಣದೆ ಹಾರಿಹೋಯಿತು. ಒಂದು ದಿನ ಹೊತ್ತೇರಿದ ಮೇಲೆ, ಜನ ನೋಡುತ್ತಿರುವಾಗಲೇ, ನೀರುನಾಯಿಗಳು ಕೆರೆಯ ಏರಿ ಹತ್ತಿದವು. ಹಿರಿಯದು ಮುಂದೆ, ಮರಿಗಳು ನಡುವೆ, ಕುಂಟುವ ಮುದಿಯದು ಹಿಂದೆ. ಯಾರನ್ನೂ ನೋಡದೆ, ಓಡದೆ, ಬಟ್ಟೆಗಂಟು ಕಟ್ಟಿಕೊಂಡು ಹೊರಟವರ ಹಾಗೆ ಆಚೆ ಇಳಿದು ಹೋದವು. ನಾಯಿಗಳೂ ಬೊಗಳಲಿಲ್ಲ. ಹಾವುಮೀನಿನವಳ ಹೆಸರು ಹೋಯಿತು. ಏಡಿಯವಳ ಹೆಸರು ಹೋಯಿತು. ಮುದಿ ಅತ್ತೆ ಆಮೆಯವಳು ತನ್ನ ಹೆಸರಿಗಿಂತ ಮೊದಲು ತಾನೇ ಹೋದಳು. ಅವಳ ಪುಣ್ಯ ಎಂದರು.

ಮರಿಮೀನಿಲ್ಲದ ನೀರಿನಲ್ಲಿ ಸೊಳ್ಳೆ ಎದ್ದಿತು. ಸೊಳ್ಳೆಯ ಹಿಂದೆ ಜ್ವರ ಬಂತು.

ಊರು ಏರಿಯ ಮೇಲೆ ಸೇರಿತು. ಕಿತ್ತು ಹಾಕೋಣ ಎಂದು ಯಾರೋ ಅಂದರು. ಎಲ್ಲರೂ ಹೂವಿನವಳ ಕಡೆ ನೋಡಿ, ನೋಡಿಲ್ಲದವರ ಹಾಗೆ ಮುಖ ತಿರುಗಿಸಿಕೊಂಡರು.

"ಒಂದು ಹೆಸರು ಇನ್ನೊಂದು ಹೆಸರನ್ನು ಕೀಳುವಂತಿಲ್ಲ," ಎಂದ ಕಟ್ಟಳೆಯವನು. "ಮೊದಲಿನಿಂದ ಇರುವ ಮಾತು. ಆದರೆ ಅದನ್ನು ತಿನ್ನುವ ಜೀವವೊಂದನ್ನು ಸೊಸೆಯೊಬ್ಬಳು ತಂದರೆ ಬೇಡ ಅನ್ನುವಂತೆಯೂ ಇಲ್ಲ."

ಅವನ ಮಗನಿಗೆ ಆಗ ಹೆಣ್ಣು ನೋಡುತ್ತಿದ್ದರು. ದೂರದ ದೊಡ್ಡ ಹೊಳೆಯ ಸೀಮೆಯಲ್ಲಿ ಹುಲ್ಲುಗೆಂಡೆ ಎಂಬ ಮೀನಿದೆ, ನೀರಿನ ಗಿಡವನ್ನು ಎಮ್ಮೆಯ ಹಾಗೆ ಮೇಯುತ್ತದೆ ಎಂದು ಕೇಳಿ ಅಲ್ಲಿಂದಲೇ ಸೊಸೆಯನ್ನು ತಂದರು. ಅವಳು ಇನ್ನೂ ಎಳೆಯವಳು. ಹಂಡೆಯಲ್ಲಿ ಬೆಳ್ಳಿಯ ಬಣ್ಣದ ಮರಿಗಳನ್ನು ತಂದಿದ್ದಳು. "ಇದು ಏನನ್ನು ಉಣ್ಣುತ್ತದೆ?" ಎಂದು ಕೇಳಿದಾಗ ಅವಳು ಹೇಳುವ ಮೊದಲೇ ಜನ ಹೇಳಿದರು: "ಹೂವಿನ ಗಿಡವನ್ನು." ಅವಳಿಗೆ ಗೆಂಡೆಯವಳು ಎಂದು ಹೆಸರಾಯಿತು.

ಗೆಂಡೆ ಬೆಳೆಯಿತು. ಅಲ್ಲಲ್ಲಿ ಉಳಿದಿದ್ದ ತಿಳಿನೀರಿನ ತಳದ ಮೆತ್ತನೆಯ ಹುಲ್ಲನ್ನು ತಿಂದಿತು. ಅಳಿದುಳಿದ ಮರಿಮೀನುಗಳು ಮೊಟ್ಟೆಯಿಡುತ್ತಿದ್ದದ್ದು ಆ ಹುಲ್ಲಿನಲ್ಲೇ. ಅದು ಮುಗಿದ ಮೇಲೆ ಜಂಬಿನ ಎಳೆ ಕುಡಿ ತಿಂದಿತು. ಹೂವಿನ ಗಿಡವನ್ನು ಮೂತಿಯಿಂದ ನೂಕಿ ಆಚೆ ಹೋಯಿತು. ಬೆಣ್ಣೆ ಇರುವಾಗ ತೌಡು ಯಾರಿಗೆ ಬೇಕು? ಬೆಣ್ಣೆ ಮುಗಿಯುವ ಹೊತ್ತಿಗೆ ಬೇಸಿಗೆ ಬಂತು, ಕಪ್ಪುನೀರಿನಲ್ಲಿ ಉಸಿರು ಸಿಗದೆ ಗೆಂಡೆಗಳೇ ಹೊಟ್ಟೆ ಮೇಲಾಗಿ ತೇಲಿದವು.

ಜಂಬು ಮುಗಿಯಿತು. ಚಾಪೆ ಮುಗಿಯಿತು. ಗೆಂಡೆಯವಳ ಹೆಸರು ಮದುವೆಯ ಅರಿಶಿನ ಆರುವ ಮೊದಲೇ ಹೋಯಿತು. ಅವಳು ಕೆರೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಊರವರು ಅವಳನ್ನು ದಾಟಿಕೊಂಡು ಹೋಗುತ್ತಿದ್ದರು. ಹೂವಿನವಳು ಹೋಗಿ ಪಕ್ಕದಲ್ಲಿ ಕೂತಳು.

"ಅತ್ತೆಮ್ಮ, ಅದು ಎಲ್ಲ ಹುಲ್ಲನ್ನೂ ತಿನ್ನುತ್ತೆ ಅಂತ ನಾನು ಹೇಳೋಕೆ ಬಂದೆ," ಎಂದಳು ಹುಡುಗಿ. "ಯಾರೂ ಕೇಳಲಿಲ್ಲ."

"ಅಳಬೇಡ. ಅವರು ಹೇಳಿದ್ದನ್ನು ನೀನು ತಂದೆ. ನಾನು ನನ್ನಮ್ಮ ಕೊಟ್ಟದ್ದನ್ನು ತಂದೆ." ಹುಡುಗಿಯ ಬೆನ್ನು ಸವರುತ್ತ ಕೂತಳು. ಎದುರಿಗೆ ಕೆರೆಯ ಉದ್ದಕ್ಕೂ ತಿಳಿನೇರಳೆ ಹೂವು ಅರಳಿ ನಿಂತಿತ್ತು. ನೋಡಲು ಆಗಲೂ ಚೆಂದವಾಗಿಯೇ ಇತ್ತು.

ಆ ಮಳೆಗಾಲದ ಜ್ವರದಲ್ಲಿ ಹರಿಗೋಲಿನವನು ಹಾಸಿಗೆ ಹಿಡಿದ. ಹರಿಗೋಲು ಎಷ್ಟೋ ಕಾಲದಿಂದ ಗಿಡಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಕೊಳೆಯುತ್ತಿತ್ತು. ನಡುಗುತ್ತ ಮಲಗಿದ್ದವನು ಹೆಂಡತಿಯ ಕೈ ಹಿಡಿದುಕೊಂಡು, "ಒಂದು ಸಲ ನೀರು ನೋಡಬೇಕಿತ್ತು," ಎಂದ. ಕೆರೆ ಮನೆಯ ಎದುರಿಗೇ ಇತ್ತು. ಅವಳು ಬಾಗಿಲು ತೆರೆಯಲಿಲ್ಲ. ಮಾರನೆಯ ದಿನ ಅವನು ಸತ್ತ.

ಕಾರ್ಯಗಳು ಮುಗಿದ ಮೇಲೆ, ಒಂದು ಬೆಳಗ್ಗೆ, ಹೂವಿನವಳು ಸೀರೆ ಎತ್ತಿ ಕಟ್ಟಿ ಮೆಟ್ಟಿಲಿಳಿದಳು. ಸೊಂಟದ ತನಕ ನೀರಿಗೆ ಹೋಗಿ, ಎರಡು ಕೈಯಲ್ಲಿ ಒಂದು ಗಿಡ ಹಿಡಿದು ಎತ್ತಿದಳು. ಮೇಲೆ ಹೂವು, ಕೆಳಗೆ ಬಿಚ್ಚಿದ ಕೂದಲಿನಂಥ ಕಪ್ಪು ಬೇರು. ನೆನೆದ ಕಂಬಳಿಯಷ್ಟು ಭಾರ. ದಡಕ್ಕೆ ಎಸೆದಳು. ಇನ್ನೊಂದು ಎತ್ತಿದಳು. ಅವಳು ಒಂದು ತೆಗೆದ ಜಾಗಕ್ಕೆ ಹಿಂದಿನವು ಮೆಲ್ಲಗೆ ಸರಿದು ಬಂದು ಮುಚ್ಚಿಕೊಳ್ಳುತ್ತಿದ್ದವು.

ಜನ ಏರಿಯ ಮೇಲೆ ನಿಂತು ನೋಡಿದರು. ಕಟ್ಟಳೆಯವನು ಬಂದ.

"ತಾಯಿ, ಏನು ಮಾಡುತ್ತಿದ್ದೀ ಅಂತ ಗೊತ್ತಿದೆಯಾ?"

"ಗೊತ್ತು, ಯಜಮಾನರೇ."

"ನಿನ್ನ ಕೈ ಆದರೂ ಒಂದೇ, ಬೇರೆಯವರ ಕೈ ಆದರೂ ಒಂದೇ. ಕಿತ್ತು ಇಲ್ಲವಾದರೆ ನೀನು ಹೋಗಬೇಕಾಗುತ್ತದೆ."

"ಇಲ್ಲವಾದ ಮೇಲೆ ತಾನೆ? ಇಲ್ಲವಾದ ದಿನ ಹೋಗುತ್ತೇನೆ." ಅವಳು ಇನ್ನೊಂದು ಗಿಡ ಎತ್ತಿದಳು.

ಮುದುಕ ಕೆರೆಯ ಅಗಲವನ್ನು ನೋಡಿದ, ಅವಳ ಕೈಗಳನ್ನು ನೋಡಿದ. ಬಂದ ದಾರಿಯಲ್ಲೇ ಹೋದ.

ಒಬ್ಬಳೇ ಕಿತ್ತಳು. ಬೆಳಗ್ಗೆ ಇಳಿಯುವುದು, ಹೊತ್ತು ಮುಳುಗುವಾಗ ಏಳುವುದು. ಬೆರಳಿನ ಸಂದು ಹುಣ್ಣಾಯಿತು, ಕಾಲಿಗೆ ಜಿಗಣೆ ಹತ್ತಿತು. ದಡಕ್ಕೆ ಹಾಕಿದ್ದು ಮಳೆಗೆ ಜಾರಿ ಮತ್ತೆ ನೀರಿಗಿಳಿದಾಗ, ಬುಟ್ಟಿಯಲ್ಲಿ ಹೊತ್ತು ಏರಿಯ ಆಚೆ ಹಾಕುವುದನ್ನು ಕಲಿತಳು. ಸುಸ್ತು ಎಂಬುದು ಮೊದಮೊದಲು ಸಂಜೆಗೆ ಬರುತ್ತಿತ್ತು. ಆಮೇಲೆ ಮಧ್ಯಾಹ್ನಕ್ಕೆ ಬಂತು. ಆಮೇಲೆ ಅವಳಿಗಿಂತ ಮೊದಲೇ ಎದ್ದು ಮೆಟ್ಟಿಲ ಮೇಲೆ ಕಾದಿರುತ್ತಿತ್ತು.

ಒಂದು ದಿನ ಅವಳು ಹಿಡಿದ ಗಿಡದ ಇನ್ನೊಂದು ಬದಿಯನ್ನು ಬೇರೆ ಎರಡು ಕೈ ಹಿಡಿದವು. ನೈದಿಲೆಯವಳಾಗಿದ್ದವಳು ನೀರಿನಲ್ಲಿ ನಿಂತಿದ್ದಳು.

"ಬೇಡ ಅಕ್ಕ. ಕಟ್ಟಳೆ ಇದೆ."

"ಒಂದು ಹೆಸರು ಇನ್ನೊಂದು ಹೆಸರನ್ನು ಕೀಳಬಾರದು ಅಂತ ತಾನೆ? ನನಗೆಲ್ಲಿದೆ ಹೆಸರು?"

ಏರಿಯ ಮೇಲಿದ್ದ ಕಟ್ಟಳೆಯವನ ಕಡೆ ಎಲ್ಲರೂ ನೋಡಿದರು. ಅವನು ಬಹಳ ಹೊತ್ತು ಯೋಚಿಸಿದ. ಅಪ್ಪ ಹೇಳಿಕೊಟ್ಟದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಮರುದಿನ ಹಾವುಮೀನಿನವಳಾಗಿದ್ದವಳು ಬಂದಳು, ಏಡಿಯವಳಾಗಿದ್ದವಳು ಬಂದಳು. ಗೆಂಡೆಯವಳಾಗಿದ್ದ ಹುಡುಗಿ ಮಾವನ ಎದುರೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಆ ಕೆರೆಯಲ್ಲಿ ಹೆಸರು ಕಳೆದುಕೊಂಡವರು ಎಷ್ಟು ಜನವೆಂದು ಊರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೆಟ್ಟಿಲಿನಿಂದ ತೂಬಿನ ತನಕ ಸಾಲಾಗಿ ನಿಂತರು.

ವರ್ಷಗಳು ಹಾಗೆ ಹೋದವು. ಹಾಡಲಿಲ್ಲ, ಕಥೆ ಹೇಳಲಿಲ್ಲ; ಕಿತ್ತರು, ಹೊತ್ತರು, ಹಾಕಿದರು. ಗಿಡದ ಹಾಸಿನ ಮೇಲೆ ನೀರುಕೋಳಿಯೊಂದು ಗೂಡು ಕಟ್ಟಿರುವುದು ಕಂಡಾಗ ಕೈಗಳು ನಿಂತವು. ಉಳಿದ ಹಕ್ಕಿಗಳೆಲ್ಲ ಹೋದ ಮೇಲೆ ಆ ಕೆರೆಗೆ ಬಂದು ನೆಲೆಸಿದ್ದು ಅದೊಂದೇ.

"ಈ ಗಿಡ ಇದಕ್ಕೆ ಮನೆಯಾಗಿದೆಯಲ್ಲೇ," ಎಂದಳು ಏಡಿಯವಳಾಗಿದ್ದವಳು.

ಗೂಡನ್ನು ಸುತ್ತುಬಳಸಿ ಕಿತ್ತರು. ಮರಿಗಳು ಇಳಿದು ಈಜಿ ಹೋಗುವ ತನಕ ಆ ತುಂಡನ್ನು ಬಿಟ್ಟರು. ಅಷ್ಟರಲ್ಲಿ ಅದು ನಾಲ್ಕು ಕಡೆಗೂ ದಂಟು ಚಾಚಿತ್ತು. ಮತ್ತೆ ಮೊದಲಿನಿಂದ ಹಿಡಿದರು.

ಮೆಲ್ಲಮೆಲ್ಲಗೆ ನೀರು ಕಂಡಿತು. ಮೊದಲು ಒಂದು ಹರಿವಾಣದಷ್ಟು, ಆಮೇಲೆ ಒಂದು ಅಂಗಳದಷ್ಟು. ಅದರಲ್ಲಿ ಮೋಡ ಕಂಡಾಗ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಮಳೆಯ ಹೊಸ ನೀರಿನೊಂದಿಗೆ ಕಾಲುವೆಯಿಂದ ಒಂದಿಷ್ಟು ಮರಿಮೀನು ಬಂದವು. ಜ್ವರ ಕಡಿಮೆಯಾಯಿತು. ಆದರೆ ನೈದಿಲೆ ಏಳಲಿಲ್ಲ. ಕೆಸರಿನಲ್ಲಿ ಕೈ ಆಡಿಸಿದರೆ ಗೆಡ್ಡೆಗಳು ಬೂದಿಯ ಹಾಗೆ ಪುಡಿಯಾದವು.

"ನನ್ನ ತವರಿನ ಕೊಳದಲ್ಲಿದೆ. ತರುತ್ತೇನೆ," ಎಂದು ನೈದಿಲೆಯವಳಾಗಿದ್ದವಳು ಕೊಡ ಹೊತ್ತು ಹೊರಟಳು. ಅವಳ ತವರು ಹೊಳೆಯ ಕೆಳಗಿತ್ತು, ಕೋಡಿಯ ನೀರು ಹೋಗಿ ಸೇರುವ ಕಡೆ. ಆ ವಯಸ್ಸಿನಲ್ಲೂ ಅವಳು ಬೇಗ ಬೇಗ ನಡೆದದ್ದನ್ನು ಹೂವಿನವಳು ಏರಿಯ ಮೇಲಿಂದ ನೋಡಿದಳು.

ತಿರುಗಿ ಬಂದಾಗ ಅವಳು ಕೊಡವನ್ನು ತಲೆಯ ಮೇಲೆ ಹೊತ್ತಿರಲಿಲ್ಲ, ಕುತ್ತಿಗೆ ಹಿಡಿದು ಕೈಯಲ್ಲಿ ತೂಗಾಡಿಸುತ್ತ ಬಂದಳು. ಮೆಟ್ಟಿಲ ಮೇಲೆ ಬೋರಲು ಹಾಕಿ ಕೂತಳು.

"ಅಲ್ಲೂ ಇಲ್ಲವಾ?" ಎಂದಳು ಹೂವಿನವಳು.

"ಅಲ್ಲಿ ನಿನ್ನ ಹೂವಿದೆ," ಎಂದಳು ಅವಳು. "ಕೋಡಿ ಹರಿದಾಗ ತೇಲಿ ಹೋಗಿದೆ. ನಮ್ಮಣ್ಣನ ಮೊಮ್ಮಗಳು ಮುಡಿದುಕೊಂಡು ಬಂದು ತೋರಿಸಿದಳು. ಎಷ್ಟು ಚೆಂದ ನೋಡಜ್ಜಿ ಅಂದಳು."

ಹೂವಿನವಳು ಮೆಟ್ಟಿಲ ಮೇಲೆ ಕೂತವಳು ಆ ದಿನ ನೀರಿಗಿಳಿಯಲಿಲ್ಲ. ಯಾರೂ ಇಳಿಯಲಿಲ್ಲ. ಅಷ್ಟು ವರ್ಷದಲ್ಲಿ ಅದೊಂದು ದಿನ. ಹೊತ್ತು ಇಳಿದ ಮೇಲೆ ನೈದಿಲೆಯವಳಾಗಿದ್ದವಳೇ ಎದ್ದಳು. "ಕೂತರೆ ಮಂಡಿ ಹಿಡಿಯುತ್ತದೆ. ಏಳು, ಗಂಜಿಯಾದರೂ ಕಾಯಿಸೋಣ."

ಕೊನೆಗೊಂದು ದಿನ ಬಂತು. ಚಳಿಗಾಲದ ಬೆಳಗು. ಕೆರೆ ದಡದಿಂದ ದಡಕ್ಕೆ ಬರಿಯ ನೀರಾಗಿತ್ತು. ಹಿಂದಿನ ಕೆರೆಯಲ್ಲ, ಅರ್ಧ ಖಾಲಿಯಾದ ಮನೆಯಂಥ ಕೆರೆ, ಆದರೂ ನೀರು. ತೂಬಿನ ಕಲ್ಲಿನ ಸಂದಿನಲ್ಲಿ ಒಂದೇ ಒಂದು ಗಿಡ ಉಳಿದಿತ್ತು. ಹೆಂಗಸರು ಅದನ್ನು ನೋಡಿದರು. ಯಾರೂ ಹತ್ತಿರ ಹೋಗಲಿಲ್ಲ.

"ನಾಳೆ ಕಿತ್ತರಾಯಿತು," ಎಂದಳು ಹುಡುಗಿಯಾಗಿ ಬಂದು ಈಗ ಹುಡುಗಿಯಲ್ಲದ, ಗೆಂಡೆಯವಳಾಗಿದ್ದವಳು.

"ನಾಳೆಗೆ ಎರಡಾಗುತ್ತದೆ," ಎಂದಳು ಹೂವಿನವಳು. ತಾನೇ ಹೋಗಿ ಕಿತ್ತಳು. ಏರಿಯ ಆಚೆ ಹಾಕಿ ಬಂದು ಕೈ ತೊಳೆದಳು. ಮನೆಗೆ ಹೋಗಿ ಒಲೆಯ ಬೂದಿ ತೆಗೆದು, ನೆಲ ಸಾರಿಸಿ, ಎರಡು ಸೀರೆಯ ಗಂಟು ಕಟ್ಟಿದಳು.

ಊರ ಬಾಗಿಲ ತನಕ ಕಟ್ಟಳೆಯವನು ಬಂದ. ಈಗ ಅವನಿಗೆ ಕೋಲಿಲ್ಲದೆ ನಡೆಯಲು ಆಗುತ್ತಿರಲಿಲ್ಲ.

"ಇರು ಅನ್ನಬೇಕು ಅನ್ನಿಸುತ್ತದೆ, ತಾಯಿ," ಎಂದ. "ಹಾಗನ್ನುವುದನ್ನು ನನಗೆ ಯಾರೂ ಕಲಿಸಲಿಲ್ಲ."

"ನೀವು ಮನೆಗೆ ಹೋಗಿ, ಯಜಮಾನರೇ. ಬಿಸಿಲೇರುತ್ತದೆ."

ಹಿಂದೆ ನಿಂತ ಹೆಂಗಸರಲ್ಲಿ ನೈದಿಲೆಯವಳಾಗಿದ್ದವಳು ಇರಲಿಲ್ಲ. ಅವಳು ಜಗಲಿಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಹೂವಿನವಳು ಅದನ್ನು ನೋಡಿಯೇ ಬಂದಿದ್ದಳು, ಮಾತಾಡಿಸಿರಲಿಲ್ಲ.

ಗುಡ್ಡದ ಮೇಲೆ ತಾಯಿ ತೀರಿಕೊಂಡು ಬಹಳ ಕಾಲವಾಗಿತ್ತು. ತಮ್ಮನ ಹೆಂಡತಿ ಹಿತ್ತಲ ಕಡೆಯ ಕೋಣೆ ಬಿಟ್ಟುಕೊಟ್ಟಳು. ಕೆಟ್ಟವಳಲ್ಲ, ಆದರೆ ಈ ಮುದುಕಿಯನ್ನು ಏನೆಂದು ಕರೆಯುವುದೆಂದು ಅವಳಿಗೆ ತಿಳಿಯಲಿಲ್ಲ. ಹುಟ್ಟಿದ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಅವಳಿಗೂ ಸರಿಯಾಗಿ ಇರಲಿಲ್ಲ. ಉಣ್ಣುವ ಹೊತ್ತಿಗೆ "ಬನ್ನಿ" ಎನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ಮನಿರುತ್ತಿದ್ದರು. ಬೆಳಗ್ಗೆ ಎದ್ದರೆ ಕೈಗೆ ಕೆಲಸವಿಲ್ಲ. ನೀರಿಲ್ಲದ ಊರಿನಲ್ಲಿ ಅವಳ ಕೈಗಳು ಒಣಗಿ, ಹಳೆಯ ಹುಣ್ಣುಗಳು ಮಾಯ್ದವು. ಹಗಲೆಲ್ಲ ನಿದ್ದೆ ಮಾಡಿದಳು. ಎಷ್ಟು ನಿದ್ದೆ ಮಾಡಿದರೂ ಸುಸ್ತು ಇಳಿಯಲಿಲ್ಲ.

ಮಳೆ ಬಿದ್ದು ಕೆಲವು ವಾರಗಳಾದ ಮೇಲೆ, ಗುಡ್ಡದ ದಾರಿಯಲ್ಲಿ ಒಬ್ಬಳು ಮುದುಕಿ ನಿಂತು ನಿಂತು ಹತ್ತಿ ಬರುವುದು ಕಂಡಿತು. ಹತ್ತಿರ ಬಂದಾಗ ಅದು ನೈದಿಲೆಯವಳಾಗಿದ್ದವಳು. ಬಂದವಳು ಮೊದಲು ನೀರು ಕೇಳಿದಳು. ಚೊಂಬು ಖಾಲಿ ಮಾಡಿ, ಸೆರಗಿನಿಂದ ಬಾಯಿ ಒರೆಸಿಕೊಂಡು, ಹೇಳಿದಳು:

"ಮತ್ತೆ ಮೊಳೆತಿದೆ ಕಣೆ."

ಹೂವಿನವಳು ಖಾಲಿ ಚೊಂಬನ್ನು ಕೈಗೆ ತೆಗೆದುಕೊಂಡಳು. "ಎಲ್ಲವನ್ನೂ ಕಿತ್ತಿದ್ದೆನಲ್ಲ."

"ಬೀಜ ಕೆಸರಿನಲ್ಲಿತ್ತಂತೆ. ಎಷ್ಟು ವರ್ಷದ ಬೀಜವೋ. ಬಿಸಿಲು ತಳಕ್ಕೆ ಮುಟ್ಟಿತಲ್ಲ, ಎದ್ದಿದೆ."

"ಎಷ್ಟಿದೆ?"

"ಮೆಟ್ಟಿಲ ಹತ್ತಿರ. ಒಂದು ಹಿಡಿ. ಎಲೆ ಅವರೆಕಾಳಿನಷ್ಟಿತ್ತು, ನಾನು ಹೊರಟಾಗ."

ಹೂವಿನವಳು ಗೆಳತಿಯ ಮುಖ ನೋಡಿದಳು. "ಒಂದು ಹಿಡಿ. ಅಷ್ಟನ್ನು ನೀವೇ ಕೀಳಬಹುದಿತ್ತಲ್ಲ, ಅಕ್ಕ."

ಅವಳು ಕಾಲಿಗೆ ಹತ್ತಿದ ಧೂಳನ್ನು ಬಹಳ ಹೊತ್ತು ಒರೆಸಿಕೊಂಡಳು.

"ಕೀಳಬಹುದಿತ್ತು," ಎಂದಳು ಕೊನೆಗೆ. "ಕಟ್ಟಳೆಯವನು ಬಂದು ನೋಡಿದ. ಕೋಲೂರಿ ಬಗ್ಗಿ ನೋಡಿದ. ಗಿಡ ಇದೆ, ಅಂದರೆ ಅವಳಿಗೆ ಊರಿನಲ್ಲಿ ಒಲೆ ಇದೆ ಅಂದ. ಯಾರೂ ಕೇಳದೆಯೇ ಅಂದ. ಅಷ್ಟು ಸಾಕು ಅಂತ ನಾನು ಹೊರಟು ಬಂದೆ."

ಒಳಗಿನಿಂದ ತಮ್ಮನ ಹೆಂಡತಿ ಇಣುಕಿ, ಊಟಕ್ಕೆ ಒಬ್ಬರು ಹೆಚ್ಚಾ ಎಂದು ಕೇಳಿದಳು.

"ಇನ್ನೊಂದು ಸಲ ಅಷ್ಟು ವರ್ಷ ನನ್ನ ಕೈಲಾಗಲ್ಲ," ಎಂದಳು ಹೂವಿನವಳು.

"ನನ್ನ ಕೈಲೂ ಆಗಲ್ಲ."

"ಸತ್ತ ಮೇಲೂ ಅದು ಇರುತ್ತೆ."

"ಇರುತ್ತೆ," ಎಂದಳು ನೈದಿಲೆಯವಳಾಗಿದ್ದವಳು. ಗೋಡೆ ಹಿಡಿದು ಎದ್ದು ನಿಂತು ಕೈ ಚಾಚಿದಳು. "ಏಳು ಮತ್ತೆ. ನಾವು ಮಾತಾಡ್ತಾ ಕೂತರೆ ಅಲ್ಲಿ ಬೆಳೀತಾ ಇರುತ್ತೆ."

ಹೂವಿನವಳು ಆ ಕೈ ಹಿಡಿದು ಎದ್ದಳು. ಮಂಡಿ ಕಟಕಟ ಎಂದಿತು. ಗಂಟು ಕಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಬ್ಬರೂ ಒಬ್ಬರ ಭುಜಕ್ಕೆ ಒಬ್ಬರು ಒರಗಿ, ಸಡಿಲ ಕಲ್ಲುಗಳನ್ನು ಕಾಲಿನಿಂದ ಮುಟ್ಟಿ ಮುಟ್ಟಿ ನೋಡಿಕೊಂಡು, ಆ ವಯಸ್ಸಿನವರಿಗೆ ಆಗುವಷ್ಟು ಬೇಗ ಬೇಗ ಗುಡ್ಡ ಇಳಿಯತೊಡಗಿದರು.